ನೀಲಿಗೆ ಒಂದು ಪಾಲು ಹೆಚ್ಚು

ಸೊಸೆಯನ್ನು ಡಿಮ್ಮರಣ್ಣ ಮೊದಲ ಸಲ ಕಂಡದ್ದು ನಾಟಕ ಮಂದಿರದ ಲೈಟಿನ ಗೂಡಿನಲ್ಲಿ. ಪ್ರೇಕ್ಷಕರ ತಲೆಯ ಮೇಲೆ, ಹಿಂಬದಿಯ ಗೋಡೆಗೆ ಅಂಟಿಕೊಂಡಿದ್ದ ಆ ಗೂಡಿಗೆ ಕಬ್ಬಿಣದ ಏಣಿ ಹತ್ತಿಯೇ ಬರಬೇಕು. ಕೊನೆಯ ಅಂಕ ಶುರುವಾಗುವ ಹೊತ್ತು. ರಂಗದ ಮೇಲೆ ಕತ್ತಲೆ. ಆ ಕತ್ತಲೆಯಲ್ಲಿ ಮುದುಕಿಯ ವೇಷದವಳೊಬ್ಬಳು ಕೂತಿದ್ದಾಳೆ. ಅವಳ ಮೇಲೆ ನಿಧಾನವಾಗಿ ಬೆಳಗಾಗಬೇಕು. ಡಿಮ್ಮರಣ್ಣನ ಎರಡೂ ಕೈ ದೀಪ ಏರಿಸಿ ಇಳಿಸುವ ಹಿಡಿಕೆಗಳ ಮೇಲಿದ್ದವು. ಬೆನ್ನ ಹಿಂದೆ ಏಣಿ ಕಿರುಗುಟ್ಟಿತು.

"ಅಪ್ಪಾ, ಇವಳು ಬಂದಿದಾಳೆ" ಎಂದ ಮಗ.

"ಮೊದಲು ಬೆಳಗಾಗ್ಲಿ" ಎಂದ ಡಿಮ್ಮರಣ್ಣ, ತಿರುಗದೆ.

ನೀಲಿ ಇಳಿಯಿತು, ಕೆಂಪು ಏರಿತು, ಅದರ ಬೆನ್ನಿಗೆ ಹಳದಿ. ಮುದುಕಿಯ ಕೈ, ಮಡಿಲು, ಮುಖ ಒಂದೊಂದಾಗಿ ಕಂಡವು. ಅಷ್ಟು ಹೊತ್ತೂ ಹಿಂದಿನಿಂದ ಪಿಟ್ಟೆಂಬ ಸದ್ದೂ ಬರಲಿಲ್ಲ. ಹಿಡಿಕೆ ಬಿಟ್ಟು ತಿರುಗಿ ನೋಡಿದರೆ, ಸಣಕಲು ಹುಡುಗಿಯೊಬ್ಬಳು ಕೊರಳಲ್ಲಿ ಆಸ್ಪತ್ರೆಯ ಗುರುತಿನ ಚೀಟಿ ನೇತುಹಾಕಿಕೊಂಡೇ ನಿಂತಿದ್ದಳು. ಕೆಲಸದಿಂದ ನೇರ ಬಂದಿರಬೇಕು, ಸ್ಪಿರಿಟ್ಟಿನ ವಾಸನೆ ಬರುತ್ತಿತ್ತು. ಸದ್ದಾಗದಿರಲೆಂದು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಿದ್ದಳು. ಡಿಮ್ಮರಣ್ಣನ ಮನಸ್ಸಿಗೆ ನಾಟಿದ್ದು ಆ ಚಪ್ಪಲಿ.

"ಎಷ್ಟು ಬೆಳಕು ಬೇಕು ಅಂತ ಹೇಗೆ ಗೊತ್ತಾಗತ್ತೆ ಮಾವ?" ಎಂದು ಕೇಳಿದಳು.

ಮಗ ತಲೆ ಚಚ್ಚಿಕೊಂಡ. "ಮದುವೆ ಮಾತೇ ಇನ್ನೂ ಆಡಿಲ್ಲ. ಆಗ್ಲೇ ಮಾವ ಅಂತೀಯಲ್ಲೇ."

"ಮತ್ತೇನು ಅನ್ಲಿ? ಸಾರ್ ಅನ್ಲಾ?"

ಡಿಮ್ಮರಣ್ಣನಿಗೆ ನಗು ಬಂತು. "ಕಣ್ಣು ಹೇಳತ್ತಮ್ಮ" ಎಂದ. "ಈ ನೀಲಿ ಅನ್ನೋದು ಮಾತ್ರ ಕಳ್ಳ. ಉರಿಯತ್ತೆ, ಕಾಣಲ್ಲ. ಅದಕ್ಕೇ ನೀಲಿಗೆ ಯಾವಾಗ್ಲೂ ಒಂದು ಪಾಲು ಹೆಚ್ಚು ಕೊಡ್ಬೇಕು."

ಡಿಮ್ಮರ್ ಎಂದರೆ ದೀಪ ಮಂಕು ಮಾಡುವ ಯಂತ್ರ, ಅದು ಅವನಿಗೆ ಕೆಲಸದಿಂದ ಬಂದ ಹೆಸರು. ಅವನು ಕೆಲಸಕ್ಕೆ ಸೇರಿದ ಕಾಲದಲ್ಲಿ ದೀಪಗಳ ಬೆಳಕನ್ನು ಕರೆಂಟು ಹರಿಸಿದ ಉಪ್ಪುನೀರಿನ ಪೀಪಾಯಿಯಿಂದ ಏರಿಸಿ ಇಳಿಸುತ್ತಿದ್ದರು. ನೀರೊಳಗೆ ಒಂದು ತಗಡು, ಮೇಲಿಂದ ಹಗ್ಗದಲ್ಲಿ ಇಳಿಬಿಟ್ಟ ಇನ್ನೊಂದು ತಗಡು. ಎರಡೂ ಹತ್ತಿರವಾದಷ್ಟು ದೀಪ ಹೊಳೆಯುತ್ತಿತ್ತು. ಆಮೇಲೆ ಹಿಡಿಕೆಗಳು ಬಂದವು, ಕೊನೆಗೆ ಕಂಪ್ಯೂಟರ್ ಬಂತು. ಕಂಪ್ಯೂಟರ್ ಬಂದ ವರ್ಷ ಮಂದಿರದವರು ಡಿಮ್ಮರಣ್ಣನಿಗೆ ಒಂದು ಶಾಲು ಹೊದಿಸಿ, ಕೈ ಕುಲುಕಿ ಮನೆಗೆ ಕಳಿಸಿದರು. ಹೆಂಡತಿ ಅದಕ್ಕಿಂತ ಮುಂಚೆಯೇ ತೀರಿಕೊಂಡಿದ್ದಳು. ಮಗ, ಸೊಸೆ, ಎರಡನೆಯ ಮಹಡಿಯ ಎರಡು ಕೋಣೆಯ ಬಾಡಿಗೆ ಮನೆ, ಇಷ್ಟೇ ಅವನ ಪ್ರಪಂಚವಾಯಿತು.

ಆ ಎರಡು ಕೋಣೆಗಳಲ್ಲಿ ಮುಂದಿನದರ ಅರ್ಧವನ್ನು ಗಾಜಿನ ತೊಟ್ಟಿಯೊಂದು ನುಂಗಿತ್ತು. ಅದು ಮಗನ ಹುಚ್ಚು. ಅವನು ಫ್ರಿಜ್ಜು, ಏಸಿ ರಿಪೇರಿ ಮಾಡುವವನು. ಸೋಫಾ ಇಡಬೇಕಾದ ಜಾಗದಲ್ಲಿ ಉಪ್ಪುನೀರಿನ ತೊಟ್ಟಿ ಇಟ್ಟು, ಅದರಲ್ಲಿ ಬಂಡೆ ಜೋಡಿಸಿ, ಮೀನು ಬಿಟ್ಟು, ಬಂಡೆಯ ಮೇಲೆ ಜೀವಂತ ಹವಳ ಬೆಳೆಸಿದ್ದ. ಬಂದವರು ಗೋಡೆಗೆ ಒರಗಿಕೊಂಡು ನಿಲ್ಲಬೇಕಿತ್ತು. ತೊಟ್ಟಿಯ ನಡುವೆ ಒಂದು ಕೊಂಬಿನ ಹವಳ. ಉಗುರಿನಷ್ಟು ಚೂರನ್ನು, ತಣ್ಣಗಾದೀತೆಂದು ಅಂಗಿಯೊಳಗೆ ಎದೆಗೆ ಒತ್ತಿಕೊಂಡು ತಂದಿದ್ದ. ಅದು ಎರಡು ಕೊಂಬಾಗಿ ಕವಲೊಡೆದು, ತುದಿಯಲ್ಲಿ ಹಸಿರು, ಮೈಯಲ್ಲಿ ನೇರಳೆ ಬಣ್ಣ ಹೊತ್ತು, ಬಿಡಿಸಿದ ಅಂಗೈಯಷ್ಟಾಗಿತ್ತು.

ಒಂದು ಬೆಳಿಗ್ಗೆ ಕೆಲಸಕ್ಕೆಂದು ಹೊರಟ ಮಗ ರಸ್ತೆಯಲ್ಲೇ ಹೋಗಿಬಿಟ್ಟ. ಲಾರಿ. ಅದರ ಬಗ್ಗೆ ಡಿಮ್ಮರಣ್ಣ ಇಂದಿಗೂ ಅದೊಂದೇ ಪದ ಆಡುತ್ತಾನೆ.

ಮನೆಯಲ್ಲಿ ಉಳಿದವರು ಮಾವ ಮತ್ತು ಸೊಸೆ. ಸಾವಿನ ಮನೆಗೆಂದು ಬಂದು ಹೋಗುವವರು ನಿಂತ ಮೇಲೆ ಸೊಸೆಯ ತಾಯಿ ದಿನವೂ ಫೋನ್ ಮಾಡತೊಡಗಿದಳು. ವಾಪಸು ಬಾ, ಗಂಡನೇ ಇಲ್ಲದ ಮನೆಯಲ್ಲಿ ನಿನಗೇನು ಕೆಲಸ, ಎಂದು. ಒಂದು ಸಂಜೆ ಡಿಮ್ಮರಣ್ಣ ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿದ್ದ. ಸೊಸೆ ತೊಟ್ಟಿಯ ಮುಂದೆ ನಿಂತು ಫೋನಿನಲ್ಲಿ ಹೇಳಿದ್ದು ಕಿವಿಗೆ ಬಿತ್ತು: "ಈ ತೊಟ್ಟಿ ಇರೋ ತನಕ ನಾನೆಲ್ಲಿಗೂ ಬರಲ್ಲಮ್ಮ. ಅವರು ಬೆಳೆಸಿದ್ದು. ನಾನು ಬಂದ್ರೆ ಇದನ್ನ ಯಾರು ನೋಡ್ಕೋತಾರೆ?"

ಡಿಮ್ಮರಣ್ಣ ನಲ್ಲಿ ತಿರುಗಿಸಿ ನೀರು ಜೋರು ಮಾಡಿದ, ಕೇಳಿಸಿಕೊಂಡದ್ದು ಗೊತ್ತಾಗದಿರಲೆಂದು. ಆದರೆ ಮಾತು ಒಳಗೆ ಇಳಿದುಬಿಟ್ಟಿತ್ತು. ತೊಟ್ಟಿ ಇದ್ದರೆ ಇವಳು ಇರುತ್ತಾಳೆ. ತೊಟ್ಟಿ ಹೋದರೆ? ಖಾಲಿ ಮನೆ ಅವನ ಕಣ್ಣಿಗೆ ಕಟ್ಟಿತು. ಒಬ್ಬನೇ ಒಂದು ಲೋಟ ಚಹಾ ಕಾಸಿಕೊಂಡು, ಒಬ್ಬನೇ ಕುಡಿದು, ಒಬ್ಬನೇ ಲೋಟ ತೊಳೆದಿಡುವುದು. ಅಂದಿನಿಂದ ತೊಟ್ಟಿಯ ಜೀವವೇ ಅವನ ಜೀವವಾಯಿತು.

ಅದಾಗಿ ಹೆಚ್ಚು ಕಾಲವಾಗಿರಲಿಲ್ಲ, ತೊಟ್ಟಿಯ ಮೇಲಿನ ದೀಪ ಕೆಟ್ಟಿತು. ಉಪ್ಪಿನ ಆವಿಗೆ ಒಳಗೆಲ್ಲ ತುಕ್ಕು ಹಿಡಿದಿತ್ತು. ಬೆಳಕಿಲ್ಲದೆ ಹವಳ ಬದುಕುವುದಿಲ್ಲ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಂದು ಪಾಚಿ ವಾಸವಾಗಿರುತ್ತದೆ. ಆ ಪಾಚಿ ಬೆಳಕಿನಲ್ಲಿ ಅಡುಗೆ ಮಾಡಿ ಹವಳಕ್ಕೂ ಉಣಿಸುತ್ತದೆ. ತಾನಾಗಿಯೇ ಹತ್ತಿ, ಏರಿ, ಇಳಿದು, ಆರುವ ಹೊಸ ದೀಪದ ಬೆಲೆ ಕೇಳಿ ಇಬ್ಬರೂ ಮುಖ ಮುಖ ನೋಡಿಕೊಂಡರು.

"ನಾನೇ ಮಾಡ್ತೀನಿ" ಎಂದ ಡಿಮ್ಮರಣ್ಣ. "ಉಪ್ಪುನೀರಲ್ಲಿ ದೀಪ ಆಡಿಸಿ ಹೊಟ್ಟೆ ಹೊರೆದವನು ನಾನು. ಇದೇನು ಮಹಾ."

"ಮಾಡಿ. ಆದ್ರೆ ಶಾಕ್ ಹೊಡೆಸ್ಕೊಂಡು ಮೀನಿನ ಜೊತೆ ತೇಲ್ಬೇಡಿ" ಎಂದಳು ಸೊಸೆ. ಮಗ ಹೋದ ಮೇಲೆ ಅವಳು ತಮಾಷೆ ಮಾಡಿದ್ದು ಅದೇ ಮೊದಲು.

ಗುಜರಿಯಿಂದ ಕಿಟಕಿಯ ಹಳೆಯ ಅಲ್ಯೂಮಿನಿಯಂ ಪಟ್ಟಿ ತಂದ. ಬಿಸಿ ಹೀರಿಕೊಳ್ಳಲು ಅದು ಸಾಕು. ಅದರ ಅಡಿಗೆ ನೀಲಿ, ಬಿಳಿ ಎಲ್‌ಇಡಿಗಳನ್ನು ಸಾಲಾಗಿ ಅಂಟಿಸಿದ. ಕೆಟ್ಟ ಕಂಪ್ಯೂಟರಿನ ಫ್ಯಾನು ಬಿಚ್ಚಿ ಮೇಲೆ ಕೂರಿಸಿದ. ದೀಪಕ್ಕೆ ಯಾವ ಹೊತ್ತಿಗೆ ಎಷ್ಟು ಎಂದು ಆಜ್ಞೆ ಕೊಡಲು ಬೆಂಕಿಪೊಟ್ಟಣದಷ್ಟು ದೊಡ್ಡ ಅಗ್ಗದ ಬೋರ್ಡು. ಕರೆಂಟು ಹೋದರೂ ಹೊತ್ತು ಮರೆಯದಂತೆ ಗುಂಡಿ ಬ್ಯಾಟರಿಯ ಪುಟ್ಟ ಗಡಿಯಾರ. ಇವೆಲ್ಲ ಮಗನ ಬುತ್ತಿ ಡಬ್ಬಿಯೊಳಗೆ ಹಿಡಿದವು. ಅವನು ಬೆಸುಗೆ ಹಾಕಿದರೆ, ಅವಳು ಪಕ್ಕದಲ್ಲಿ ಕೂತು ಬೋರ್ಡಿಗೆ ಬೇಕಾದ ಆಜ್ಞೆಯ ಸಾಲುಗಳನ್ನು ಟೈಪು ಮಾಡಿದಳು. ಹೊತ್ತು, ಪ್ರಮಾಣ ಬದಲಿಸಲು ಹೊರಗಡೆ ಒಂದು ತಿರುಪು ಗುಂಡಿ. ಕೆಲಸ ಮುಗಿದ ದಿನ ಒಂದು ಒಪ್ಪಂದವೂ ಆಯಿತು. ಅವಳು ರಕ್ತಪರೀಕ್ಷೆಯ ಲ್ಯಾಬಿನವಳು, ಹನಿ ಎಣಿಸಿ ಬಣ್ಣ ನೋಡುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಆದ್ದರಿಂದ ನೀರು ಅವಳದು, ಬೆಳಕು ಅವನದು.

ಪ್ರಮಾಣ ಹೊಂದಿಸುವಾಗ ಡಿಮ್ಮರಣ್ಣ ದೂರ ಹೋಗಿ ಗೋಡೆಗೆ ಒರಗಿ ನಿಂತು, ಕಣ್ಣು ಕಿರಿದು ಮಾಡಿ ನೋಡಿದ. ನೀಲಿ ಮಂಕಾಗಿ ಕಂಡಿತು. ಏರಿಸಿದ. ಇನ್ನೂ ಮಂಕು. ಪೂರ್ತಿ ಏರಿಸಿದ. ಈಗ ಬಂಡೆಯ ಸಂದುಗಳಲ್ಲಿ ನೆರಳು ಆಡಿತು, ಕೊಂಬಿನ ತುದಿಗಳು ಕೆಂಡದಂತೆ ಹಸಿರಾಗಿ ಹೊತ್ತಿಕೊಂಡವು. ಬೆಳಗನ್ನೂ ಸಂಜೆಯನ್ನೂ ರಂಗದ ಮೇಲೆ ಮಾಡುತ್ತಿದ್ದಂತೆ ಉದ್ದಕ್ಕೆ ಎಳೆದ.

ಮೊದಲ ಸಂಜೆ ಸೊಸೆ ಚಹಾ ಹಿಡಿದು ನೆಲದ ಮೇಲೆ ಕೂತಳು. ಬೆಳಕು ಇಳಿದು ಮುಗಿಯುವವರೆಗೆ ಏಳಲಿಲ್ಲ. "ಅವರಿದ್ದಾಗಲೂ ಇಷ್ಟು ಚೆನ್ನಾಗಿರಲಿಲ್ಲ ಮಾವ" ಎಂದಳು. ಡಿಮ್ಮರಣ್ಣ ಒಳಗೆ ಹೋಗಿ, ಯಾವ ಕೆಲಸವೂ ಇಲ್ಲದೆ, ಡಬ್ಬಗಳನ್ನು ಎತ್ತಿ ಎತ್ತಿ ಇಟ್ಟ.

ಕೆಲವು ವಾರ ಚೆನ್ನಾಗಿತ್ತು. ಆಮೇಲೆ ನೇರಳೆ ಬಣ್ಣ ಮಾಸಿತು.

ಮೊದಲು ಕಂಡದ್ದು ಸೊಸೆಗೆ. ಅವಳು ಅಂದೇ ನೀರು ಪರೀಕ್ಷಿಸಿದಳು. ಉಪ್ಪು ಸರಿ, ಸುಣ್ಣದಂಶ ಸರಿ. ಮರುದಿನ ಮತ್ತೆ ಮಾಡಿದಳು, ಸರಿ. ಪರೀಕ್ಷೆಯ ದ್ರಾವಣವೇ ಹಳತಾಗಿರಬಹುದೆಂದು ಹೊಸದು ತಂದಳು. ಅದೂ ಸರಿ ಎಂದಿತು. ಎಲ್ಲ ಸರಿ, ಹವಳ ಮಾತ್ರ ಬೆಳ್ಳಗಾಗುತ್ತಿದೆ. ಅವಳು ಬಕೆಟ್ಟುಗಟ್ಟಲೆ ನೀರು ಬದಲಾಯಿಸತೊಡಗಿದಳು. ಆಸ್ಪತ್ರೆಯ ಸೋಪು, ಸ್ಪಿರಿಟ್ಟು ಕೈಗೆ ಅಂಟಿ ಬಂದು ನೀರಿಗೆ ಇಳಿಯುತ್ತಿರಬಹುದೇ ಎಂಬ ಶಂಕೆ ಹೊಕ್ಕಿತು. ಮನೆಗೆ ಬಂದವಳು ಮೊಣಕೈವರೆಗೂ ಉಜ್ಜಿ ಉಜ್ಜಿ ತೊಳೆಯುತ್ತಿದ್ದಳು, ಬೆರಳ ಸಂದಿಯಲ್ಲಿ ಚರ್ಮ ಸುಲಿಯುವವರೆಗೆ.

ಡಿಮ್ಮರಣ್ಣನಿಗೆ ಬೇರೆಯೇ ಹೊಳೆಯಿತು. ನೆರಳಿಗೆ ಇಟ್ಟ ಗಿಡ ಬಿಳಿಚಿಕೊಳ್ಳುವುದಿಲ್ಲವೇ? ಇದಕ್ಕೂ ಬೆಳಕು ಸಾಲುತ್ತಿಲ್ಲ. ಅವಳು ಡ್ಯೂಟಿಗೆ ಹೋದ ಮೇಲೆ ಬಿಳಿ ದೀಪಗಳನ್ನೂ ಏರಿಸಿದ. ಸಾಲದೆಂದು ದೀಪವನ್ನು ಎರಡು ಬೆರಳು ಕೆಳಗಿಳಿಸಿದ. ಅವಳಿಗೆ ಹೇಳಲಿಲ್ಲ. ಚೇತರಿಸಿಕೊಂಡ ಮೇಲೆ ಹೇಳಿದರಾಯಿತು, ಅವಳ ಮುಖ ಅರಳುವುದನ್ನು ನೋಡಿದರಾಯಿತು ಎಂದುಕೊಂಡ.

ಬುತ್ತಿ ಡಬ್ಬಿ ಒಂದು ದಿನವೂ ತಪ್ಪಲಿಲ್ಲ. ಹೇಳಿದ ಹೊತ್ತಿಗೆ ಹತ್ತಿತು, ಹೇಳಿದಷ್ಟು ಉರಿಯಿತು. ಅವನು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿತು. ಕೊಂಬಿನ ಹವಳ ಉಪ್ಪಿನ ಹರಳಿನಂತಾಯಿತು.

ಆ ವಾರದ ರಜೆಯ ದಿನ ಸೊಸೆ ತೊಟ್ಟಿಯ ಮುಂದೆ ಮಂಡಿ ಹಿಡಿದು ಕೂತಿದ್ದಳು. "ನನ್ನ ಕೈಯಿಂದಲೇ ಹೋಯ್ತು ಮಾವ" ಎಂದಳು. "ಅವರು ಕೊಟ್ಟು ಹೋಗಿದ್ದು ಇದೊಂದು. ಇದನ್ನೂ ಕಾಪಾಡ್ಕೊಳ್ಳೋ ಯೋಗ್ಯತೆ ಇಲ್ಲ ನಂಗೆ."

"ಹಾಗನ್ಬೇಡಮ್ಮ" ಎಂದು ಅವನು ಹತ್ತಿರ ಬಗ್ಗಿದ. ಬಗ್ಗಿದಾಗಲೇ ಕಂಡದ್ದು. ಬಂಡೆಯ ಚಾಚಿನ ಅಡಿ, ದೀಪ ತಾಗದ ಕಡೆ, ಕೊಂಬಿನ ಬುಡ ಇನ್ನೂ ನೇರಳೆಯಾಗಿತ್ತು. ನೆರಳು ಎಲ್ಲಿ ಮುಗಿಯುತ್ತದೋ ಅಲ್ಲಿಂದ, ಗೆರೆ ಎಳೆದಂತೆ, ಬಿಳಿ.

ನೀರು ಎಲ್ಲ ಕಡೆಯೂ ಒಂದೇ. ನೆರಳಿನದು ಬದುಕಿದೆ, ಬೆಳಕಿನದು ಬೆಂದಿದೆ. ಸುಟ್ಟದ್ದು ತನ್ನ ದೀಪ. ಹೇಳಿದರೆ ಇವಳು ಎದ್ದು ಬಟ್ಟೆ ತುಂಬಿಕೊಳ್ಳುತ್ತಾಳೆ. "ಇಲ್ಲಮ್ಮ, ನಿನ್ನ ಕೈಯಿಂದ ಅಲ್ಲ" ಎಂದಷ್ಟೇ ಹೇಳಿದ. ಅವಳು ಅದನ್ನು ಸಮಾಧಾನದ ಮಾತೆಂದುಕೊಂಡಳು. ಕೆನ್ನೆ ಒರೆಸಿಕೊಂಡು ಮತ್ತೆ ಬಕೆಟ್ ಎತ್ತಿಕೊಂಡಳು.

ಮರುದಿನ ಅವಳು ಅತ್ತ ಹೋದದ್ದೇ, ಅವನು ಇತ್ತ ಸಾಕುಮೀನಿನ ಅಂಗಡಿಗೆ ಓಡಿದ. ಹವಳ ಸಾಕುವವರಲ್ಲಿ ಒಂದು ಪದ್ಧತಿಯುಂಟು. ಒಳ್ಳೆಯ ಹವಳ ಬೆಳೆಸಿದವನು ಅದರದೊಂದು ಚೂರು ಮುರಿದು ಇನ್ನೊಬ್ಬನ ತೊಟ್ಟಿಯಲ್ಲಿ ಇಟ್ಟಿರುತ್ತಾನೆ. ತನ್ನದು ಹೋದರೆ ಅಲ್ಲಿಂದ ತಂದು ಮತ್ತೆ ನೆಡಬಹುದು. ಮಗ ಅಂಗಡಿಯವನಿಗೆ ಹಾಗೆ ಕೊಟ್ಟಿದ್ದನೆಂದು ಡಿಮ್ಮರಣ್ಣನಿಗೆ ಗೊತ್ತಿತ್ತು. ದಾರಿಯುದ್ದಕ್ಕೂ ಅದೊಂದೇ ಆಸೆ. ಒಂದು ಚೂರು ಸಿಕ್ಕರೆ ಸಾಕು, ಕಾಲಿಗೆ ಬೀಳುವುದಕ್ಕೂ ಸಿದ್ಧನಾಗಿದ್ದ.

ಅಂಗಡಿಯವನು ಬಲೆ ತೊಳೆಯುತ್ತಿದ್ದ. ಕೇಳಿ ಕೈ ನಿಲ್ಲಿಸಿದ.

"ಅದು ಹೋಯ್ತಲ್ಲ ಅಣ್ಣ. ಬೇಸಿಗೇಲಿ ನೀರು ತಣ್ಣಗಿಡೋ ಮಿಷನ್ನು ಕೈಕೊಡ್ತು. ಒಂದೇ ಮಧ್ಯಾಹ್ನದಲ್ಲಿ ಎಲ್ಲ ಬೆಂದೋಯ್ತು. ನಾನೇ ನಿಮ್ಮನೆಗೆ ಬಂದು ಒಂದು ಚೂರು ಕೇಳೋಣ ಅಂತಿದ್ದೆ."

ಡಿಮ್ಮರಣ್ಣ ಮೀನಿನ ಆಹಾರದ ಮೂಟೆಯ ಮೇಲೆ ಕುಸಿದ. ಅಂಗಡಿಯವನು ನೀರು ಕೊಟ್ಟ, ಕುಡಿಯುವವರೆಗೆ ಕಾದ. ಆಮೇಲೆ ನಡೆದದ್ದನ್ನೆಲ್ಲ ಕೇಳಿಕೊಂಡು, ಬೆಳಕು ಅಳೆಯುವ ಮೀಟರ್ ಹಿಡಿದು, ಶಟರ್ ಎಳೆದು ಅವನ ಜೊತೆಯೇ ಬಂದ.

ಅಂಗಡಿಯವನು ಮೀಟರಿನ ಉದ್ದ ಕೋಲಿನ ತುದಿಯ ಗುಂಡಿಯನ್ನು ನೀರಿಗಿಳಿಸಿ ಹವಳದ ಪಕ್ಕ ಹಿಡಿದ. ಅಂಕಿ ನೋಡಿ, ಮೀಟರ್ ಕೆಟ್ಟಿದೆಯೇನೋ ಎಂದು ತಟ್ಟಿ, ಮತ್ತೆ ಹಿಡಿದ.

"ಇದೇನಣ್ಣ, ದೀಪ ಇಟ್ಟಿದೀರೋ, ಒಲೆ ಇಟ್ಟಿದೀರೋ?"

"ಕಣ್ಣಿಗೆ ಮಂಕಾಗೇ ಇತ್ತಲ್ಲಪ್ಪ."

"ನಿಮ್ಮ ಕಣ್ಣಿಗೆ. ನೀಲಿ ನಮ್ಮ ಕಣ್ಣಿಗೆ ಕಾಣೋದೇ ಸ್ವಲ್ಪ. ಹವಳಕ್ಕೆ ಅದೇ ಮುಖ್ಯ ಊಟ. ನಿಮಗೆ ಮಂಕು ಅನ್ನಿಸಿದಾಗ್ಲೇ ಅದಕ್ಕೆ ಹೊಟ್ಟೆ ಬಿರಿಯೋಷ್ಟಾಗಿರತ್ತೆ. ಅದಕ್ಕೂ ಮೇಲೆ ಬಡಿಸಿದೀರಿ. ತಡ್ಕೊಳ್ಳೋಕಾಗ್ದೆ ಒಳಗಿನ ಪಾಚೀನೇ ಹೊರಗೆ ಹಾಕ್ಬಿಟ್ಟಿದೆ."

ಡಿಮ್ಮರಣ್ಣ ಕಣ್ಣುಜ್ಜಿಕೊಂಡ. ಇಷ್ಟು ವರ್ಷ ನಂಬಿ ಅನ್ನ ತಿಂದ ಕಣ್ಣು ಅದು.

"ಸತ್ತಿದೆಯಾ?"

"ಇನ್ನೂ ಇಲ್ಲ. ಬಿಳಿ ಆದ್ರೂ ಮೇಲೆ ಚರ್ಮ ಇದೆ, ನೋಡಿ. ಉಪವಾಸ ಬಿದ್ದಿದೆ ಅಷ್ಟೆ. ಬೆಳಕು ಪೂರ್ತಿ ಇಳಿಸಿ, ಸಂಜೆ ಹೊತ್ತು ಪಿಚಕಾರೀಲಿ ಊಟ ಕೊಡಿ. ಬದುಕಿದ್ರೆ ಬದುಕ್ತು. ಆದ್ರೆ ಇನ್ಮೇಲೆ ದಿನಾ ಈ ನೀರು ಬದಲಾಯ್ಸೋದು ನಿಲ್ಸಿ. ಇನ್ನೊಂದು ಏಟು ತಡ್ಕೊಳ್ಳಲ್ಲ. ಮನೇಲಿ ಹೇಳ್ಬಿಡಿ."

ಅಂಗಡಿಯವನು ಹೋದ ಮೇಲೆ ಡಿಮ್ಮರಣ್ಣ ದೀಪದ ಬೆಳಕು ತಗ್ಗಿಸಿ ನೆಲದ ಮೇಲೆ ಕೂತ. ಇವತ್ತೂ ಅವಳು ಬಂದು ಬಕೆಟ್ ಹಿಡಿಯುತ್ತಾಳೆ. ನಿಲ್ಲಿಸಬೇಕಾದರೆ ಕಾರಣ ಹೇಳಬೇಕು. ಸುಳ್ಳೊಂದನ್ನು ಹೆಣೆಯಲು ನೋಡಿದ. ದೀಪದ ಬೋರ್ಡು ಕೆಟ್ಟು ತಾನೇ ಏರಿಬಿಟ್ಟಿತು ಎನ್ನಲೇ? ಸಾಲುಗಳನ್ನು ಟೈಪು ಮಾಡಿದವಳು ಅವಳೇ. ಅದನ್ನೂ ತನ್ನ ತಲೆಗೇ ಕಟ್ಟಿಕೊಳ್ಳುತ್ತಾಳೆ. ಆ ದಾರಿಯೂ ಮುಚ್ಚಿತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೇಳಿಸಿತು.

ಅವಳು ಕೈ ತೊಳೆದು ಬಕೆಟ್ ತಂದಳು. ಅವನು ಬಕೆಟ್ಟಿನ ಕಂಠ ಹಿಡಿದುಕೊಂಡ.

"ಬೇಡಮ್ಮ. ನೀರಲ್ಲ, ಬೆಳಕು. ನಾನು ಸುಟ್ಟಿದ್ದು."

ಎಲ್ಲ ಹೇಳಿದ. ಅವಳಿಲ್ಲದಾಗ ಏರಿಸಿದ್ದು, ದೀಪ ಕೆಳಗಿಳಿಸಿದ್ದು, ನಿನ್ನೆ ನೆರಳಿನ ಗೆರೆ ಕಂಡೂ ಸುಮ್ಮನಿದ್ದದ್ದು. ಅವಳು ಬೆರಳುಗಳನ್ನು ಅಗಲಿಸಿ ಅವನ ಮುಂದೆ ಹಿಡಿದಳು. ಸಂದಿಗಳಲ್ಲಿ ಕೆಂಪಗೆ ಬಿರಿದಿತ್ತು.

"ಇದನ್ನ ದಿನಾ ನೋಡ್ತಿದ್ರಿ."

"ನೋಡ್ತಿದ್ದೆ."

"ನಿನ್ನೆ ನಾನು ಅಳ್ತಿದ್ದೆ. ನೀವು ಪಕ್ಕದಲ್ಲೇ ಇದ್ರಿ."

"ಇದ್ದೆ."

"ಯಾಕೆ ಮಾವ?"

"ತೊಟ್ಟಿ ಇರೋ ತನಕ ಇರ್ತೀನಿ ಅಂತ ನಿಮ್ಮಮ್ಮಂಗೆ ಹೇಳಿದ್ಯಲ್ಲ. ಅದು ಹೋದ್ರೆ ನೀನೂ ಹೋಗ್ತೀಯ ಅಂತ."

ಅವಳು ಬೆರಳು ಮಡಚಿಕೊಂಡಳು.

"ತೊಟ್ಟಿಗೋಸ್ಕರ ಯಾರಾದ್ರೂ ಒಂದು ಮನೇಲಿ ಇರ್ತಾರಾ? ಮಾವ ಒಬ್ರೇ ಆಗ್ತಾರೆ ಅಂದಿದ್ರೆ ಅಮ್ಮ ಮಾರನೇ ದಿನಾನೇ ಬಂದು ಎಳ್ಕೊಂಡು ಹೋಗ್ತಿದ್ಲು. ಅವಳ ಬಾಯಿ ಮುಚ್ಸೋಕೆ ಏನೋ ಒಂದು ಹೇಳ್ಬೇಕಿತ್ತು, ಹೇಳ್ದೆ."

ಅವಳು ಬಕೆಟ್ ಬಿಟ್ಟು ಒಳಗೆ ಹೋದಳು. ಬಾಗಿಲ ಆಚೆಯಿಂದ ಬೀರು ತೆರೆದ ಸದ್ದು ಬಂತು. "ಆದ್ರೆ ಈಗ ನಂಗೆ ಇಲ್ಲಿರೋಕೆ ಮನಸ್ಸಿಲ್ಲ" ಎಂದಳು ಒಳಗಿನಿಂದಲೇ.

ಬೆಳಿಗ್ಗೆ ಬ್ಯಾಗು ಹಿಡಿದು ತಾಯಿಯ ಮನೆಗೆ ಹೋದಳು. ಅಲ್ಲಿಂದ ಆಸ್ಪತ್ರೆಗೆ ಬಸ್ಸು ಬದಲಾಯಿಸಿಕೊಂಡು ಓಡಾಡಬೇಕು. ಹಾಗೇ ಓಡಾಡಿದಳು.

ಆ ದಿನಗಳನ್ನು ಡಿಮ್ಮರಣ್ಣ ಹೇಗೆ ಕಳೆದನೆಂದು ಅವನಿಗೇ ಸರಿಯಾಗಿ ನೆನಪಿಲ್ಲ. ತನಗೆ ಒಲೆ ಹಚ್ಚಿದ್ದು ಕಡಿಮೆ. ಸಂಜೆ ಮಾತ್ರ ತೊಟ್ಟಿಯ ನೀರು ತಿರುಗಿಸುವ ಪಂಪು ನಿಲ್ಲಿಸಿ, ಪುಡಿ ಆಹಾರ ಕಲಸಿ, ಪಿಚಕಾರಿಯ ತುದಿಯನ್ನು ಹವಳದ ಹತ್ತಿರ ಹಿಡಿದು ಹನಿ ಹನಿಯಾಗಿ ಬಿಡುತ್ತಿದ್ದ. ಕೂದಲೆಳೆಗಿಂತ ಸಣ್ಣ ಬೆರಳುಗಳು ಹೊರಚಾಚಿ ಆಹಾರ ಹಿಡಿದರೆ ಆ ದಿನಕ್ಕೆ ಉಸಿರು. ಹಿಡಿಯದ ದಿನಗಳೇ ಹೆಚ್ಚು. ಎಡಗೊಂಬಿನ ಚರ್ಮ ಸುಲಿದು, ಅಸ್ಥಿಯ ಮೇಲೆ ಹಸಿರು ಪಾಚಿ ಕೂದಲಂತೆ ಬೆಳೆಯಿತು. ಅದು ಮುಗಿಯಿತು. ಸೊಸೆಯಿಂದ ಸಂದೇಶ ಬರುತ್ತಿತ್ತು, ನೀರಿನ ಬಗ್ಗೆ ಮಾತ್ರ: ಸುಣ್ಣದಂಶ ನೋಡಿ. ಅವನು ಹನಿ ಹಾಕಿ, ಬಣ್ಣ ಬಂದ ಕೊಳವೆಯ ಫೋಟೋ ಕಳಿಸುತ್ತಿದ್ದ. ಅವಳು ಸರಿ ಎಂದು ಬರೆಯುತ್ತಿದ್ದಳು. ಊಟ ಆಯಿತೇ ಎಂದು ಅವಳು ಕೇಳಲಿಲ್ಲ, ಕೇಳಲೆಂದು ಬಯಸುವ ಧೈರ್ಯವೂ ಅವನಿಗಿರಲಿಲ್ಲ.

ಬಲಗೊಂಬು ಬಹಳ ಕಾಲ ಬಿಳಿಯಾಗಿಯೇ ನಿಂತಿತ್ತು. ಒಂದು ದಿನ ಬುಡದಿಂದ ಮೇಲಕ್ಕೆ ಕೊಳಕು ಕಂದು ಬಣ್ಣ ಹಬ್ಬುತ್ತಿರುವಂತೆ ಕಂಡಿತು. ತನ್ನ ಕಣ್ಣನ್ನು ನಂಬದೆ ಫೋಟೋ ತೆಗೆದು ಅಂಗಡಿಯವನಿಗೆ ತೋರಿಸಿದ. ಒಳಗಿನ ಕಂದು ಪಾಚಿ ವಾಪಸು ಬರುವಾಗ ಹೀಗೇ ಕೊಳಕಾಗಿ ಬರುತ್ತದೆ, ನೇರಳೆ ಬರುವುದು ದೂರದ ಮಾತು, ಬಾರದೆಯೂ ಹೋಗಬಹುದು ಎಂದ ಅಂಗಡಿಯವನು. ಅದೇ ಫೋಟೋವನ್ನು ಸೊಸೆಗೂ ಕಳಿಸಿದ. ಉತ್ತರ ಬರಲಿಲ್ಲ.

ಆ ವಾರದ ಕೊನೆಗೆ ಅವಳು ಬ್ಯಾಗಿನೊಂದಿಗೆ ಬಾಗಿಲಲ್ಲಿ ನಿಂತಿದ್ದಳು. "ಬಸ್ಸು ಬದಲಾಯಿಸಿ ಬದಲಾಯಿಸಿ ಸಾಕಾಯ್ತು" ಎಂದಳು. ಎಷ್ಟು ದಿನಕ್ಕೆ ಬಂದಳೆಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಬಂದವಳೇ ಬುತ್ತಿ ಡಬ್ಬಿಯ ಹೊರಗಿನ ತಿರುಪು ಗುಂಡಿಯನ್ನು ಕಿತ್ತು ತೆಗೆದು, ಅಂಗಡಿಯಿಂದ ಮೀಟರ್ ತರಿಸಿ, ಅಳೆದು, ಪ್ರಮಾಣವನ್ನು ತಾನೇ ಬರೆದು ಹಾಕಿದಳು. ತಾಯಿಯ ಫೋನು ಈಗಲೂ ಬರುತ್ತದೆ. ಅವಳು ಅದನ್ನು ಹಿಡಿದು ಹೊರಗಿನ ಮೆಟ್ಟಿಲಿಗೆ ಹೋಗಿ ಮಾತಾಡುತ್ತಾಳೆ.

ಡಿಮ್ಮರಣ್ಣ ಈಗ ಅಂಗಡಿಗಳ ಹೆಸರಿನ ಬೋರ್ಡುಗಳಿಗೆ ದೀಪ ಜೋಡಿಸುವ ಒಂದು ಶೆಡ್ಡಿನಲ್ಲಿ ಅರ್ಧ ದಿನ ಕೆಲಸ ಮಾಡುತ್ತಾನೆ. ಮಧ್ಯಾಹ್ನ ಮನೆಗೆ ಬಂದು ಇಬ್ಬರಿಗೂ ಅಡುಗೆ ಮಾಡಿಡುತ್ತಾನೆ. ಸಂಜೆ ಪಂಪು ನಿಲ್ಲಿಸಿ ಹವಳಕ್ಕೆ ಊಟ ಕೊಡುತ್ತಾನೆ.